ಡಬ್ಬಿ ತುಂಬುವವರ ಹೆಸರು

ಆ ದಿಂಬುಗಳನ್ನು ಹೊಲಿಯುವವನು ಎಕಾರ್ಟ್ ಷೆಂಪ್ ಎಂದು ಜರ್ಮನಿಯಲ್ಲಿ ಎಷ್ಟೋ ಜನ ಬಹಳ ಕಾಲ ನಂಬಿಕೊಂಡಿದ್ದರು. ಹ್ಯಾಂಬರ್ಗಿನ ನರ್ಸ್ ಒಬ್ಬಳು ಅವನ ಇಂಟರ್ನೆಟ್ ಅಂಗಡಿಯ ಪುಟದಲ್ಲಿ ಬರೆದಿದ್ದಳು: ‘ಪ್ರಿಯ ಶ್ರೀ ಷೆಂಪ್, ರಾತ್ರಿ ಪಾಳಿ ಮುಗಿಸಿ ಬಂದು ನಿಮ್ಮ ದಿಂಬನ್ನು ಬಿಸಿ ಮಾಡಿ ಸೊಂಟಕ್ಕೆ ಇಟ್ಟುಕೊಂಡಾಗ ನಿಮ್ಮ ಕೈಗಳನ್ನು ನೆನೆಯುತ್ತೇನೆ.’ ಎಕಾರ್ಟನ ಕೈಗಳು! ಮೂವತ್ತು ವರ್ಷಗಳಿಂದ ನಾನು ಅವರ ಮನೆಯ ಮೇಲಿನ ಮಹಡಿಯಲ್ಲಿದ್ದೇನೆ. ಆ ಕೈಗಳು ಸೂಜಿ ಹಿಡಿದದ್ದನ್ನು ಒಮ್ಮೆಯೂ ಕಂಡಿಲ್ಲ. ಕಾಫಿ ಕುಡಿದ ಕಪ್ಪನ್ನು ಸಿಂಕಿನಲ್ಲಿ ಇಟ್ಟದ್ದನ್ನು ಕಂಡಿದ್ದೇನೆ. ಇಟ್ಟದ್ದನ್ನು, ತೊಳೆದದ್ದನ್ನಲ್ಲ.

ಹೊಲಿದವಳು ಅವನ ಹೆಂಡತಿ ಅನ್ನೆರೋಸೆ. ಕುರಿ ಕಾಯುವವನ ಮಗಳು. ಶಾಲೆ ಬಿಟ್ಟ ಬೇಸಿಗೆಯಲ್ಲೇ ನಮ್ಮ ಊರಿನ ಬನಿಯನ್ ಕಾರ್ಖಾನೆಗೆ ಸೇರಿ, ತೋಳಿನ ಅಂಚು ಹೊಲಿಯುವ ಯಂತ್ರದ ಮುಂದೆ ಕುಳಿತವಳು. ಆಲ್ಬ್ ಗುಡ್ಡಗಳ ಮೇಲೆ ಆಗ ಇಂಥ ಕಾರ್ಖಾನೆ ಇಲ್ಲದ ಊರೇ ಇರಲಿಲ್ಲ. ಒಂದೊಂದಾಗಿ ಮುಚ್ಚಿದವು. ಅವಳದೂ ಮುಚ್ಚಿತು. ಅದೇ ವರ್ಷ ಎಕಾರ್ಟನ ತಾಯಿ ಜಾರಿ ಬಿದ್ದು ಹಾಸಿಗೆ ಹಿಡಿದರು. ಹಾಲ್‌ನಲ್ಲಿದ್ದ ಸೋಫಾ ಹೊರಗೆ ಹೋಯಿತು, ಮುದುಕಿಯ ಮಂಚ ಒಳಗೆ ಬಂತು. ಅತ್ತೆಯನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಮೈ ಒರೆಸುವುದು, ಸೂಪು ಕುಡಿಸುವುದು, ಬಯ್ಗುಳ ಕೇಳುವುದು ಎಲ್ಲ ಅನ್ನೆರೋಸೆಯ ಪಾಲಿಗೆ ಬಂತು. ಚರ್ಚಿನ ಮೆಟ್ಟಿಲ ಮೇಲೆ ಜನ ಹೇಳಿದ್ದು ಮಾತ್ರ ಇಷ್ಟು: “ಎಕಾರ್ಟ್ ನೋಡಿ, ತಾಯಿನ ವೃದ್ಧಾಶ್ರಮಕ್ಕೆ ಹಾಕ್ಲಿಲ್ಲ. ಮಗ ಅಂದ್ರೆ ಹೀಗಿರ್ಬೇಕು.”

ದಿಂಬು ಹುಟ್ಟಿದ್ದು ಆ ಮಂಚದ ಪಕ್ಕದಲ್ಲಿ. ಗುಡ್ಡದ ಬುಡದ ಊರುಗಳಲ್ಲಿ ಚೆರ್ರಿ ಹಣ್ಣಿನಿಂದ ಸಾರಾಯಿ ಇಳಿಸುತ್ತಾರೆ, ಬೀಜ ಎಸೆಯುತ್ತಾರೆ. ಅನ್ನೆರೋಸೆ ಆ ಬೀಜಗಳನ್ನು ಗೋಣಿಯಲ್ಲಿ ಹೊತ್ತು ತಂದು, ಬಟ್ಟೆ ಕುದಿಸುವ ಹಳೆಯ ಹಂಡೆಯಲ್ಲಿ ಮತ್ತೆ ಮತ್ತೆ ಕುದಿಸಿ, ತಿರುಳು ಹೋಗುವ ತನಕ ಉಜ್ಜಿ, ಬಾಲ್ಕನಿಯಲ್ಲಿ ಹಳೆಯ ಹಾಸು ಹಾಸಿ ಒಣಗಿಸುತ್ತಿದ್ದಳು. ಇಡೀ ಕಟ್ಟಡ ಹುಳಿ ಹುಳಿ ವಾಸನೆ. ಒಣಗಿದ ಬೀಜವನ್ನು ದಪ್ಪ ಹತ್ತಿಬಟ್ಟೆಯ ಚೀಲಕ್ಕೆ ತುಂಬಿ ಹೊಲಿದು, ಓವನ್ನಿನಲ್ಲಿ ಬೆಚ್ಚಗೆ ಮಾಡಿ ಅತ್ತೆಯ ಸೊಂಟದ ಕೆಳಗೆ ಇಡುತ್ತಿದ್ದಳು. ಇಂಥ ದಿಂಬು ನಮ್ಮ ಕಡೆ ಹೊಸದೇನಲ್ಲ. ಆದರೆ ಅನ್ನೆರೋಸೆ ಒಳಗೆ ಅಡ್ಡ ಹೊಲಿಗೆ ಹಾಕಿ ಅರೆಗಳನ್ನು ಮಾಡಿದ್ದಳು, ಬೀಜ ಒಂದೇ ಕಡೆ ಗುಡ್ಡೆಯಾಗುತ್ತಿರಲಿಲ್ಲ. ಯಾರನ್ನೂ ಹೊಗಳದ ಆ ಮುದುಕಿಯೇ “ಇದೊಂದು ಪರವಾಗಿಲ್ಲ” ಅಂದಿತ್ತು.

ಮುದುಕಿ ತೀರಿಕೊಂಡ ಮೇಲೆ, ಮಗಳು ಮರೈಕೆ ಒಂದು ಭಾನುವಾರ ಊಟಕ್ಕೆ ಬಂದವಳು ಲ್ಯಾಪ್‌ಟಾಪ್ ತೆರೆದು ಕುಳಿತಳು. ನಾನೂ ಅಲ್ಲಿದ್ದೆ. ಬೇಳೆಸಾರು, ಸ್ಪೆಟ್ಸ್‌ಲೆ ಅನ್ನುವ ನಮ್ಮ ಕಡೆಯ ಶಾವಿಗೆ, ಸಾಸೇಜು. ಅನ್ನೆರೋಸೆ ಬಡಿಸುತ್ತಾ ನಿಂತಿದ್ದಳು.

“ಅಮ್ಮ, ಇದನ್ನ ಇಂಟರ್ನೆಟ್‌ನಲ್ಲಿ ಮಾರೋಣ. ಜನ ಮುಗಿಬೀಳ್ತಾರೆ. ಯಾರ ಹೆಸರಲ್ಲಿ ಹಾಕ್ಲಿ?”

ಅನ್ನೆರೋಸೆ ಬಾಯಿ ತೆರೆಯುವ ಮೊದಲೇ ಎಕಾರ್ಟ್ ಸಾಸೇಜಿಗೆ ಸಾಸಿವೆ ಹಚ್ಚುತ್ತಾ ಹೇಳಿದ: “ನನ್ನ ಹೆಸರಲ್ಲೇ ಹಾಕು. ಬ್ಯಾಂಕ್ ಖಾತೆ ನಂದು, ತೆರಿಗೆ ಕಟ್ಟೋನು ನಾನು. ಸುಮ್ನೆ ಎರಡೆರಡು ಕಡೆ ಯಾಕೆ ಗೋಜಲು?”

“ಅಮ್ಮ?” ಅಂದಳು ಮರೈಕೆ.

“ಯಾರ ಹೆಸರಾದ್ರೆ ಏನೇ,” ಅಂದಳು ಅನ್ನೆರೋಸೆ. “ಸಾರು ಆರ್ತಾ ಇದೆ, ತಿನ್ನು.”

ಹೀಗೆ ಒಂದು ಸಾಸೇಜು ತಿಂದು ಮುಗಿಸುವಷ್ಟರಲ್ಲಿ ಆ ಅಂಗಡಿ ಎಕಾರ್ಟ್ ಷೆಂಪ್‌ನದಾಯಿತು. ಪಟ್ಟಣದ ಕಟ್ಟಡ ಕಚೇರಿಯಲ್ಲಿ ಗುಮಾಸ್ತನಾಗಿದ್ದು, ನಿವೃತ್ತಿಗೆ ಕಾದಿದ್ದ ಮನುಷ್ಯ ಒಂದು ಮಧ್ಯಾಹ್ನದಲ್ಲಿ ಕುಶಲಕರ್ಮಿಯಾದ.

ಅವನು ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ಶನಿವಾರ ಮಾಡುತ್ತಿದ್ದ. ನಮ್ಮಲ್ಲಿ ಶನಿವಾರ ಬೆಳಗ್ಗೆ ಗಂಡಸರು ಕಾರಿಗೆ ಕಸ ತುಂಬಿಕೊಂಡು ಊರ ಹೊರಗಿನ ಮರುಬಳಕೆ ಅಂಗಳಕ್ಕೆ ಹೋಗುತ್ತಾರೆ. ಹೋಗುವವರು ಗಂಡಸರು, ಅದಕ್ಕೆ ಮೊದಲು ವಾರವಿಡೀ ಮೊಸರಿನ ಕಪ್ಪು ತೊಳೆಯುವವರು, ಅದರ ತಗಡಿನ ಮುಚ್ಚಳವನ್ನು ಬೇರೆ ಮಾಡುವವರು, ಪ್ಲಾಸ್ಟಿಕ್ಕು ತಗಡು ಹಾಕುವ ಹಳದಿ ಚೀಲಕ್ಕೆ ಯಾವುದು, ಕಾಗದದ ಡಬ್ಬಕ್ಕೆ ಯಾವುದು ಎಂದು ಅಡುಗೆಮನೆಯಲ್ಲಿ ನಿಂತು ವಿಂಗಡಿಸುವವರು, ಬಾಟಲಿಗಳನ್ನು ಬಣ್ಣದ ಪ್ರಕಾರ ಬುಟ್ಟಿಗೆ ಹಾಕುವವರು ಹೆಂಗಸರು. ಅಂಗಳದಲ್ಲಿ ಗಂಡಸರು ಬುಟ್ಟಿ ಮಗುಚಿ, ಅರ್ಧ ದಿನ ಹರಟೆ ಹೊಡೆದು, ದೇಶಕ್ಕೆ ಸೇವೆ ಸಲ್ಲಿಸಿದವರ ಹಾಗೆ ಮನೆಗೆ ಬರುತ್ತಾರೆ. ನನ್ನವನು ಬದುಕಿದ್ದಾಗಲೂ ಹೀಗೇ ಇತ್ತು.

ಅಂಗಳದ ರಟ್ಟಿನ ತೊಟ್ಟಿಯಿಂದ ಎಕಾರ್ಟ್ ಒಳ್ಳೊಳ್ಳೆಯ ಡಬ್ಬಿಗಳನ್ನು ಎತ್ತಿಕೊಂಡು ಬರಲು ಶುರುಮಾಡಿದ. ಅಲ್ಲಿಗೆ ಹಾಕಿದ್ದನ್ನು ತೆಗೆಯಬಾರದೆಂದು ನಿಯಮವಿದೆ. ಆದರೆ ಕಾವಲಿನವನು ಇವನ ಹಾಡುಗಾರರ ಸಂಘದವನೇ, ಆಚೆ ನೋಡುತ್ತಿದ್ದ. ಶೂ ಡಬ್ಬಿ, ವೈನ್ ಡಬ್ಬಿ, ಬೆಕ್ಕಿನ ಆಹಾರದ ಡಬ್ಬಿ. ಅವುಗಳನ್ನು ಎಕಾರ್ಟ್ ನಡುಮನೆಯಲ್ಲಿ ಇಳಿಸಿ ಕೈ ಕೊಡವಿಕೊಳ್ಳುತ್ತಿದ್ದ. ಅನ್ನೆರೋಸೆ ಅವುಗಳ ಅಂಟು ಬಿಡಿಸಿ, ಹಳೆಯ ಚೀಟಿ ಕೆರೆದು, ಒಳಗನ್ನು ಹೊರಗೆ ಮಾಡಿ ಮತ್ತೆ ಅಂಟಿಸುತ್ತಿದ್ದಳು. ಬೆಕ್ಕಿನ ಚಿತ್ರವಿರುವ ಡಬ್ಬಿಯಲ್ಲಿ ದಿಂಬು ಕಳಿಸಿದರೆ ಚೆನ್ನಾಗಿರುವುದಿಲ್ಲವಲ್ಲ. ಒಂದು ದಿಂಬು ಹೊಲಿಯುವುದಕ್ಕಿಂತ ಒಂದು ಡಬ್ಬಿ ಮಗುಚುವುದೇ ಹೆಚ್ಚು ಕೆಲಸ ಎಂದು ನನ್ನ ಹತ್ತಿರ ಹೇಳುತ್ತಿದ್ದಳು. ಜಿಲ್ಲೆಯ ಪತ್ರಿಕೆಯವರು ಬಂದರು. ಡಬ್ಬಿಗಳ ರಾಶಿಯ ಮುಂದೆ ಎಕಾರ್ಟ್ ಎದೆಯ ಮೇಲೆ ಕೈ ಕಟ್ಟಿಕೊಂಡು ನಿಂತ ಫೋಟೋ ಬಂತು. ‘ಹೊಸ ಡಬ್ಬಿಯನ್ನೇ ಮುಟ್ಟದ ವ್ಯಾಪಾರಿ’ ಎಂದು ಕೆಳಗೆ ಬರೆದಿತ್ತು. ಅನ್ನೆರೋಸೆ ಆ ಫೋಟೋದಲ್ಲಿ ಇಲ್ಲ. ಛಾಯಾಗ್ರಾಹಕನಿಗೆ ಕಾಫಿ ಮಾಡಲು ಹೋಗಿದ್ದಳು.

ಎರಡು ಸಾವಿರದ ಇಪ್ಪತ್ತೆರಡರ ಜುಲೈ ಮೊದಲ ದಿನ ಅವಳು ನನ್ನ ಬಾಗಿಲು ಬಡಿದಳು. ಬೆರಳಿಗೆ ಇನ್ನೂ ಹೊಲಿಗೆಯ ಟೋಪಿ ಹಾಕಿಕೊಂಡೇ ಇದ್ದಳು.

“ಡೋರ್ಲೆ, ನಿನ್ನ ಫೋನಲ್ಲಿ ನೋಡು. ನನ್ನ ಅಂಗಡಿ ಕಾಣ್ತಾ ಇದ್ಯಾ?”

ನೋಡಿದೆ. ದಿಂಬಿಲ್ಲ, ಗಿರಾಕಿಗಳು ಮೆಚ್ಚಿ ಕೊಟ್ಟ ನಕ್ಷತ್ರಗಳಿಲ್ಲ. ‘ಈ ಮಾರಾಟಗಾರರು ಸದ್ಯಕ್ಕೆ ಲಭ್ಯವಿಲ್ಲ’ ಎಂಬ ಒಂದು ಸಾಲು.

ಇಬ್ಬರೂ ಕೆಳಗೆ ಇಳಿದೆವು. ಎಕಾರ್ಟ್ ಬಾಲ್ಕನಿಯಲ್ಲಿ ಒಣಗುತ್ತಿದ್ದ ಬೀಜದ ಪಕ್ಕ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿದ್ದ.

“ಎಕಾರ್ಟ್, ಅಂಗಡಿ ಎಲ್ಲಿ?”

“ಯಾವ ಅಂಗಡಿ?”

“ನಮಗಿರೋದು ಎಷ್ಟು ಅಂಗಡಿ? ಕಾಣಿಸ್ತಿಲ್ಲ. ಮುಚ್ಚಿಬಿಟ್ಟಿದಾರೆ.”

“ಓ, ಅದಾ.” ಅವನು ಪುಟ ತಿರುವಿದ. “ಪ್ಯಾಕಿಂಗ್ ಕಸದ ನೋಂದಣಿ ನಂಬರು ಕೇಳ್ತಾ ಇದ್ರು. ಡಬ್ಬಿ ತುಂಬಿ ಕಳಿಸೋರೆಲ್ಲ ಹೆಸರು ಬರೆಸಿ, ಅದು ಕಸ ಆದ್ಮೇಲೆ ಎತ್ತೋ ದುಡ್ಡು ಮೊದಲೇ ಕಟ್ಬೇಕಂತೆ. ಚಳಿಗಾಲದಿಂದ ಮೇಲ್ ಮೇಲೆ ಮೇಲ್. ಜುಲೈ ಒಳಗೆ ಕೊಡ್ಲಿಲ್ಲ ಅಂದ್ರೆ ಅಂಗಡಿ ಇಳಿಸ್ತೀವಿ ಅಂತ. ಸುಮ್ನೆ ಹೆದರಿಸ್ತಾರೆ ಅಂದ್ಕೊಂಡೆ.”

“ಚಳಿಗಾಲದಿಂದ ಬರ್ತಿತ್ತಾ? ನನಗೆ ಯಾಕೆ ಹೇಳ್ಲಿಲ್ಲ?”

“ನಿನಗೆ ಹೇಳಿ ಏನ್ಮಾಡ್ಲಿ? ಅದು ನಮಗೆ ಅನ್ವಯಾನೇ ಆಗಲ್ಲ ಕಣೇ. ನಮ್ಮ ಡಬ್ಬಿ ಎಲ್ಲಾ ಅಂಗಳದ್ದು. ಶೂ ಕಂಪನಿ ಒಂದ್ಸಲ ಕಸದ ದುಡ್ಡು ಕಟ್ಟಿಬಿಟ್ಟಿದೆ. ಒಂದೇ ರಟ್ಟಿಗೆ ಎರಡನೇ ಸಲ ಕಟ್ಟೋಕೆ ನಾನೇನು ದಡ್ಡನಾ? ನಾನು ಕಸ ಉಳಿಸೋನು. ನನ್ನ ಹತ್ರ ಕಸದ ದುಡ್ಡು ಕೇಳ್ತಾರಂತೆ!”

“ಅಂಗಡಿ ಹೋಯ್ತಲ್ಲೋ.”

“ಹೋದ್ರೆ ಹೋಗ್ಲಿ. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. ಬೆನ್ನು ನೋವು ಬೆನ್ನು ನೋವು ಅಂತಿರ್ತೀಯ. ಮನೆ ತುಂಬಾ ಬೀಜ, ಕಾಲಿಟ್ರೆ ಕಾಲಿಗೆ ಚುಚ್ಚುತ್ತೆ. ಪೂರ್ತಿ ಮುಚ್ಚೇಬಿಡೋಣ. ಅದೇನು ದೊಡ್ಡ ವಿಷಯ, ನಾನು ಒಂದು ಬಟನ್ ಒತ್ತಿದ್ರೆ ಆಯ್ತು.”

ಅವನು ಇದನ್ನು ಪ್ರೀತಿಯಿಂದಲೇ ಹೇಳಿದ, ಅದೇ ನನಗೆ ಹೊಟ್ಟೆ ಉರಿಸಿದ್ದು. ಹೆಂಡತಿಗೆ ರಜೆ ಕೊಡುವವನ ದನಿ. ಅನ್ನೆರೋಸೆ ಬೀಜಗಳನ್ನು ಕೈಯಾಡಿಸಿ ತಿರುವಿ ಹಾಕಿದಳು. ಆ ಬೀಜಗಳೇ ಅವಳ ಸ್ವಂತ ಬದುಕು. ಕಾರ್ಖಾನೆ ಹೋದ ಮೇಲೆ, ಅತ್ತೆ ಹೋದ ಮೇಲೆ, ಬೆಳಗ್ಗೆ ಎದ್ದು ಯಾರದೋ ಹಸಿವಿಗಲ್ಲದೆ, ಯಾರದೋ ಕೊಳೆಗಲ್ಲದೆ ಅವಳು ಮಾಡುತ್ತಿದ್ದ ಕೆಲಸ ಅದೊಂದೇ. ಅದು ಇನ್ನೊಬ್ಬನ ಒಂದು ಬೆರಳಿನ ಕೆಳಗಿದೆ ಎಂದು ಅವಳಿಗೆ ಅವತ್ತು ಗೊತ್ತಾಯಿತು.

ಮರುದಿನ ನನ್ನ ಅಡುಗೆಮನೆಯಿಂದ ಅವಳು ನೋಂದಣಿ ಕಚೇರಿಯ ಸಹಾಯವಾಣಿಗೆ ಫೋನ್ ಮಾಡಿದಳು. ಶನಿವಾರ, ಯಾರೂ ಎತ್ತಲಿಲ್ಲ. ಸೋಮವಾರ ಮತ್ತೆ ಮಾಡಿದಳು. ಆ ಕಡೆಯ ಹೆಂಗಸು ತಾಳ್ಮೆಯಿಂದಲೇ ಮಾತಾಡಿದಳು. ನಾನು ಸ್ಪೀಕರ್ ಹಾಕಿಟ್ಟಿದ್ದೆ.

“ಹಳೇ ಡಬ್ಬಿನಾದ್ರೂ ನೋಂದಣಿ ಬೇಕೇ ಬೇಕು, ಶ್ರೀಮತಿ ಷೆಂಪ್. ಆಮೇಲೆ, ಆ ಡಬ್ಬಿಗೆ ಯಾರೋ ಮೊದಲೇ ದುಡ್ಡು ಕಟ್ಟಿದಾರೆ ಅಂತ ನೀವು ಸಾಕ್ಷಿ ತೋರಿಸ್ಬೇಕಾಗತ್ತೆ.”

“ಕಸದ ತೊಟ್ಟಿಯಿಂದ ತಂದಿದ್ದಕ್ಕೆ ಏನು ಸಾಕ್ಷಿ ತರ್ಲಿ?”

“ಅದೇ ಹೇಳ್ತಿರೋದು. ಸಾಕ್ಷಿ ಇಲ್ಲ ಅಂದ್ರೆ ಹೊಸದರ ಹಾಗೇ ಲೆಕ್ಕ. ಡಬ್ಬಿ, ಅಂಟುಪಟ್ಟಿ, ಒಳಗೆ ತುಂಬೋ ಕಾಗದ, ಎಲ್ಲಾ ಸೇರಿಸಿ ವರ್ಷಕ್ಕೆ ಎಷ್ಟು ತೂಕ ಆಗತ್ತೆ ಅಂತ ಹೇಳಿ, ಕಸ ಎತ್ತೋ ಸಂಸ್ಥೆಗಳಲ್ಲಿ ಒಂದರ ಜೊತೆ ಒಪ್ಪಂದ ಮಾಡ್ಕೊಳ್ಳಿ. ಕಷ್ಟ ಏನಿಲ್ಲ.”

“ಸರಿ, ಈಗ್ಲೇ ಮಾಡ್ತೀನಿ. ನನ್ನ ಹೆಸರು ಅನ್ನೆರೋಸೆ.”

“ಬಿಲ್ ಯಾರ ಹೆಸರಲ್ಲಿ ಹೋಗತ್ತೆ?”

“ನನ್ನ ಗಂಡಂದು. ಆದ್ರೆ ಡಬ್ಬಿ ತುಂಬೋಳು ನಾನು.”

“ಹಾಗಾದ್ರೆ ಅವರೇ ನೋಂದಾಯಿಸ್ಕೊಬೇಕು. ಅವರ ಪರವಾಗಿ ಬೇರೆಯವರು ಮಾಡೋ ಹಾಗಿಲ್ಲ. ಕಾನೂನಿನ ಲೆಕ್ಕದಲ್ಲಿ ಡಬ್ಬಿ ತುಂಬೋರು ಅವರೇ.”

“ಅವನಿಗೆ ಅಂಟುಪಟ್ಟಿ ಎಲ್ಲಿಟ್ಟಿದೆ ಅಂತಾನೂ ಗೊತ್ತಿಲ್ಲಮ್ಮ!”

ಆ ಕಡೆಯವಳು ತಗ್ಗಿದ ದನಿಯಲ್ಲಿ ಹೇಳಿದಳು: “ನಮ್ಮನೇಲೂ ಹಾಗೇ. ಆದ್ರೆ ಕಾನೂನು ಬಿಲ್ಲನ್ನ ನೋಡತ್ತೆ, ಕೈಯನ್ನ ನೋಡಲ್ಲ.”

ಫೋನ್ ಇಟ್ಟ ಮೇಲೆ ಅನ್ನೆರೋಸೆ ನನ್ನ ಸಿಂಕಿನ ಕೆಳಗಿನ ಹಳದಿ ಚೀಲವನ್ನೇ ನೋಡುತ್ತಾ ಕುಳಿತಳು. “ಡೋರ್ಲೆ, ಈ ಕಸ ಎತ್ತೋದಕ್ಕೆ ಕಂಪನಿಗಳು ತೂಕ ಹಾಕಿ ದುಡ್ಡು ಕೊಡ್ತಾವಂತೆ. ಅಂದ್ರೆ ಇದಕ್ಕೊಂದು ಬೆಲೆ ಇದೆ ಅಂತಾಯ್ತು. ಎತ್ತೋನಿಗೆ ದುಡ್ಡು, ಸುರಿಯೋನಿಗೆ ಹೆಸರು. ನಡುವೆ ನಾನು ಮೂವತ್ತು ವರ್ಷ ಮೊಸರಿನ ಕಪ್ಪು ತೊಳೆದ್ನಲ್ಲ, ನನ್ನ ಹೆಸರು ಯಾವ ಲೆಕ್ಕದಲ್ಲಿ ಬರತ್ತೆ?”

ನಾನೂ ತೊಳೆದವಳೇ.

ನಾಲ್ಕಾರು ದಿನ ಆ ಮನೆಯಲ್ಲಿ ಮಾತಿರಲಿಲ್ಲ. ಎಕಾರ್ಟನಿಗೆ ಅದು ಆಗಿಬರಲಿಲ್ಲ. ಆ ಮನುಷ್ಯ ಕೆಟ್ಟವನಲ್ಲ. ಊಟದ ಮೇಜಿನಲ್ಲಿ ಮೌನವಿದ್ದರೆ ಅವನಿಗೆ ತುತ್ತು ಇಳಿಯುವುದಿಲ್ಲ. ಭಾನುವಾರ ಮಧ್ಯಾಹ್ನ ಕಾಫಿಗೆ ನನ್ನನ್ನೂ ಕರೆದ. ನಾನು ಕರಂಟ್ ಹಣ್ಣಿನ ಕೇಕು ತೆಗೆದುಕೊಂಡು ಹೋದೆ. ಮೇಜಿನ ಮೇಲೆ ಕಪ್ಪುಗಳ ನಡುವೆ ಲ್ಯಾಪ್‌ಟಾಪ್ ತೆರೆದಿತ್ತು.

“ನೋಡು ರೋಸೆ, ನಿನಗೋಸ್ಕರ ಮಾಡ್ತಾ ಇದೀನಿ,” ಅಂದ. “ನಂಬರು ತಗೊಂಡು ಕೊಟ್ಬಿಟ್ರೆ ಅಂಗಡಿ ನಾಳೇನೇ ತೆರೆಯುತ್ತೆ. ನಕ್ಷತ್ರ ಎಲ್ಲಾ ಹಾಗೇ ಇರುತ್ತೆ. ಬಾ, ಕೂತ್ಕೊ.”

ಅನ್ನೆರೋಸೆಯ ಮುಖ ಸಡಿಲವಾಯಿತು. ಅದನ್ನು ನಾನು ಕಂಡೆ. ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಅಂಗಡಿ ಉಳಿದರೆ ಸಾಕಾಗಿತ್ತು ಅವಳಿಗೆ. ಆ ಗಳಿಗೆಗೆ ಅಷ್ಟೇ ಸಾಕಾಗಿತ್ತು.

ಅವನು ಹೆಸರು ಬರೆದ, ವಿಳಾಸ ಬರೆದ. ಆಮೇಲೆ ನಿಂತ.

“ಒಂದು ಡಬ್ಬಿ ಎಷ್ಟು ತೂಗುತ್ತೆ?”

ಅವಳು ಹೇಳಿದಳು.

“ಅಂಟುಪಟ್ಟಿ? ಅದು ಪ್ಲಾಸ್ಟಿಕ್ಕಾ ಕಾಗದಾನಾ?”

“ಕಾಗದ. ನಾಲ್ಕು ವರ್ಷದಿಂದ ಕಾಗದದ್ದೇ.”

“ಹೌದಾ? ಒಳಗೆ ಏನಾದ್ರೂ ತುಂಬ್ತೀವಾ?”

‘ತುಂಬ್ತೀವಾ!’ ನನ್ನ ಫೋರ್ಕು ತಟ್ಟೆಗೆ ತಗುಲಿ ಸದ್ದಾಯಿತು. ಅನ್ನೆರೋಸೆ ತಾಳ್ಮೆಯಿಂದ ಹೇಳಿದಳು: “ಹಳೇ ಪತ್ರಿಕೆ ಸುಕ್ಕು ಮಾಡಿ ಹಾಕ್ತೀನಿ.”

ಆಗ ಅವನ ಫೋನು ಬಡಿಯಿತು. ಹಾಡುಗಾರರ ಸಂಘದ ಫೋಲ್ಕ್‌ಮಾರ್. ಎಕಾರ್ಟ್ ಕುರ್ಚಿಗೆ ಒರಗಿ ಕಾಲು ಚಾಚಿದ.

“ಇಲ್ಲ ಕಣೋ, ಇವತ್ತು ಬರೋಕಾಗಲ್ಲ. ಪ್ಯಾಕಿಂಗ್ ಕಾನೂನಿನ ಕೆಲಸ ಹಿಡ್ಕೊಂಡು ಕೂತಿದೀನಿ. ... ಹೂಂ, ಡಬ್ಬಿ ತೂಕ, ಪಟ್ಟಿ ತೂಕ, ಎಲ್ಲಾ ಲೆಕ್ಕ ಕೊಡ್ಬೇಕು. ತಲೆ ಚಿಟ್ಟು ಹಿಡಿದು ಹೋಗತ್ತೆ. ... ಇನ್ಯಾರು ಮಾಡ್ತಾರೆ? ಎಲ್ಲಾ ನಾನೇ ನೋಡ್ಕೋಬೇಕು ನೋಡು. ... ಅವಳಾ? ಅವಳು ಪಾಪ, ಕೈಲಾದಷ್ಟು ಸಹಾಯ ಮಾಡ್ತಾಳೆ.”

ಅನ್ನೆರೋಸೆ ಕೈ ಚಾಚಿ ಲ್ಯಾಪ್‌ಟಾಪನ್ನು ಪಟ್ಟೆಂದು ಮುಚ್ಚಿದಳು. ಪಕ್ಕದ ಕಪ್ಪು ಉರುಳಿ ಕಾಫಿ ಮೇಜುವಸ್ತ್ರದ ಮೇಲೆ ಹರಿಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ, ಚೆಲ್ಲಿದ ಕಾಫಿಯನ್ನು ಒರೆಸಲು ಅವಳು ಏಳಲಿಲ್ಲ.

“ಆಮೇಲೆ ಮಾತಾಡ್ತೀನಿ,” ಎಂದು ಎಕಾರ್ಟ್ ಫೋನ್ ಇಟ್ಟ. “ಏನಾಯ್ತೇ? ಅರ್ಧ ಬರೆದಿದ್ದೆ!”

“ಬೇಡ.”

“ಏನು ಬೇಡ?”

“ನಿನ್ನ ಹೆಸರಲ್ಲಿ ಬೇಡ. ಸಹಾಯ ಮಾಡ್ತಾಳಾ? ಯಾರು ಯಾರಿಗೆ ಸಹಾಯ ಮಾಡಿದ್ದೋ? ಬೀಜ ಹೊತ್ತೋಳು ನಾನು, ಬೇಯಿಸಿದೋಳು ನಾನು, ಹೊಲಿದೋಳು ನಾನು. ನೀನು ತಂದು ಸುರಿದ ಬೆಕ್ಕಿನ ಡಬ್ಬಿ ಮಗುಚಿ ಮಗುಚಿ ನನ್ನ ಉಗುರು ಕಿತ್ತು ಬಂದಿದೆ. ಫೋಟೋ ನಿನಗೆ. ನಕ್ಷತ್ರ ನಿನಗೆ. ಈಗ ಇನ್ನೊಂದು ಸರ್ಕಾರಿ ಪುಸ್ತಕದಲ್ಲೂ ಡಬ್ಬಿ ತುಂಬೋನು ನೀನೇ ಅಂತ ನಾನೇ ತೂಕ ಹೇಳಿ ಬರೆಸ್ಬೇಕಾ?”

“ಅದು ಬರೀ ಕಾಗದದ ಮೇಲಿನ ಮಾತು ರೋಸೆ.”

“ಬರೀ ಕಾಗದ ಆದ್ರೆ ನನ್ನ ಹೆಸರು ಹಾಕೋಕೆ ನಿನಗೇನು ಕಷ್ಟ?”

“ಕಷ್ಟ ನನಗಲ್ಲ, ನಿನಗೆ! ಹೆಸರು ಬದಲಾದ್ರೆ ಹೊಸ ಅಂಗಡಿ. ಅವರು ಖಾತೆ ವರ್ಗಾಯಿಸಲ್ಲ. ಎಲ್ಲಾ ನಕ್ಷತ್ರ ಹೋಗತ್ತೆ. ಸೊನ್ನೆಯಿಂದ ಶುರು. ಡೋರ್ಲೆ, ನೀವಾದ್ರೂ ಹೇಳಿ ಇವಳಿಗೆ.”

“ನಾನು ಕೇಕು ತಿನ್ನೋಕೆ ಬಂದೋಳು,” ಅಂದೆ. “ನೀವು ಮೊದಲು ಕಾಫಿ ಒರೆಸಿ. ನೆಲಕ್ಕೆ ಸೋರ್ತಾ ಇದೆ.”

ಅವನು ಅತ್ತಿತ್ತ ನೋಡಿದ. ಒರೆಸುವ ಬಟ್ಟೆ ಎಲ್ಲಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಆ ವಾರವೇ ನಾವಿಬ್ಬರೂ ಪುರಸಭೆಗೆ ಹೋದೆವು. ಉದ್ಯಮ ನೋಂದಣಿಯ ಮೇಜಿನಲ್ಲಿದ್ದ ಹುಡುಗಿ ನಮ್ಮ ಓಣಿಯವಳೇ. “ಷೆಂಪ್ ಅಂಕಲ್ ಬರ್ಲಿಲ್ವಾ?” ಎಂದು ಮೊದಲು ಕೇಳಿ, ಅನ್ನೆರೋಸೆಯ ಮುಖ ನೋಡಿ ಅರ್ಜಿಯ ಹಾಳೆ ಎಳೆದುಕೊಂಡಳು.

“ಉದ್ಯಮ ಯಾವತ್ತು ಶುರು ಮಾಡ್ತೀರಿ?”

“ಅತ್ತೆ ಹಾಸಿಗೆ ಹಿಡಿದ ವರ್ಷ.”

“ಹಾಗೆಲ್ಲಾ ಹಾಕೋಕಾಗಲ್ಲ ಆಂಟಿ. ಹಿಂದಿನ ತಾರೀಕು ಹಾಕಿದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ದಂಡ ಹಾಕ್ತಾರೆ.”

“ನನಗಾ ದಂಡ?” ಅನ್ನೆರೋಸೆ ನಕ್ಕಳು, ಆದರೆ ಅದು ನಗುವಲ್ಲ. “ಸರಿ, ಇವತ್ತು ಅಂತ ಬರ್ಕೋ. ಇವತ್ತೇ ಹುಟ್ಟಿದೆ ಅಂತ ಬರ್ಕೋ.”

ನನ್ನ ಅಡುಗೆಮನೆಯ ಮೇಜಿನ ಮೇಲೆ, ತರಕಾರಿ ತೂಗುವ ತಕ್ಕಡಿಯಲ್ಲಿ ಡಬ್ಬಿ ಇಟ್ಟು, ಪಟ್ಟಿ ಇಟ್ಟು, ಕಾಗದ ಇಟ್ಟು ತೂಗಿದೆವು. ಅವಳಿಗೂ ಎಲ್ಲ ಗೊತ್ತಿರಲಿಲ್ಲ. ದಿಂಬಿಗೆ ಸುತ್ತಿ ಕಟ್ಟುವ ದಾರ ಲೆಕ್ಕಕ್ಕೆ ಬರುತ್ತದೆಯೇ, ವಿಳಾಸದ ಚೀಟಿ ಬರುತ್ತದೆಯೇ ಎಂದು ಎರಡು ಸಲ ಸಹಾಯವಾಣಿಗೆ ಕೇಳಬೇಕಾಯಿತು. ಕಸದ ಸಂಸ್ಥೆಗೆ ವರ್ಷಕ್ಕೆ ಕಟ್ಟಬೇಕಾದ ಹಣ ಎಷ್ಟು ಕಡಿಮೆಯಿತ್ತು ಎಂದರೆ ಅನ್ನೆರೋಸೆಗೆ ಅದನ್ನು ನೋಡಿ ಹೊಸದಾಗಿ ಸಿಟ್ಟು ಬಂತು. ಇಬ್ಬರು ಹೊರಗೆ ಊಟ ಮಾಡಿದಷ್ಟೂ ಇಲ್ಲ. ಇದಕ್ಕಾಗಿ ಅವನು ಅವಳ ಅಂಗಡಿಯನ್ನೇ ಹೋಗಗೊಟ್ಟಿದ್ದ. ಕೊನೆಗೆ ನಂಬರು ಬಂತು, ಪಕ್ಕದಲ್ಲಿ ಹೆಸರು: ಅನ್ನೆರೋಸೆ ಷೆಂಪ್. ಆ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ನಾನು ಆಗಾಗ ಸುಮ್ಮನೆ ತೆರೆದು ನೋಡುತ್ತಿದ್ದೆ.

ಅವಳು ಡಬ್ಬಿ ಮಗುಚುವುದನ್ನು ಬಿಟ್ಟಳು. ಎಲ್ಲದಕ್ಕೂ ಹಣ ಕಟ್ಟುವುದೇ ಆದರೆ ಬೆಕ್ಕಿನ ಚಿತ್ರ ಕಂಡರೆ ಕಾಣಲಿ ಅಂದಳು. ಅಂಗಳದಿಂದಲೂ ತರುವುದು ಬೇಡ, ಓಣಿಯ ಹೆಂಗಸರೆಲ್ಲ ತಮ್ಮ ಮನೆಗೆ ಬಂದ ಡಬ್ಬಿಗಳನ್ನು ನೇರ ಅವಳ ಬಾಗಿಲಿಗೆ ತಂದಿಟ್ಟರು. ಎಕಾರ್ಟ್ ಶನಿವಾರ ಖಾಲಿ ಕೈಯಲ್ಲಿ ಬರತೊಡಗಿದ.

ಆದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಹೊಸ ಅಂಗಡಿಗೆ ಯಾರೂ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಆಲ್ಬ್‌ನ ಗಾಳಿ ತಿರುಗಿ ಚಳಿ ಶುರುವಾದಾಗ, ಪ್ರತಿ ವರ್ಷ ಅವಳಿಗೆ ಹೊಲಿಯಲು ಕೈ ಸಾಲದ ಕಾಲದಲ್ಲಿ, ದಿಂಬುಗಳು ಕಪಾಟಿನಲ್ಲಿ ಒಂದರ ಮೇಲೊಂದು ಕುಳಿತಿದ್ದವು. ಮರೈಕೆ ಫೋನ್ ಮಾಡಿ ರೇಗಿದಳು: “ಅಮ್ಮ, ಹಟಕ್ಕೆ ಬಿದ್ದು ಎಲ್ಲಾ ಹಾಳು ಮಾಡ್ಕೊಂಡೆ. ಅಪ್ಪನ ಹೆಸರಲ್ಲಿದ್ರೆ ಏನ್ ಹೋಗ್ತಿತ್ತು?”

“ಅದೇ ನನಗೂ ಗೊತ್ತಿರ್ಲಿಲ್ಲ ಕಣೇ, ಏನ್ ಹೋಗ್ತಿತ್ತು ಅಂತ,” ಅಂದಳು ಅನ್ನೆರೋಸೆ. “ಈಗ ಗೊತ್ತು. ನೀನು ನಿನ್ನ ಮನೇಲಿ ಸ್ವಲ್ಪ ನೋಡ್ಕೋ.”

ಹಳೆಯ ಗಿರಾಕಿಗಳು ಏನಾದರು ಎಂದು ನಾವು ಯೋಚಿಸುತ್ತಿದ್ದೆವು. ಅಕ್ಟೋಬರಿನಲ್ಲಿ ಗೊತ್ತಾಯಿತು. ಎಕಾರ್ಟ್ ಲ್ಯಾಪ್‌ಟಾಪ್ ತೆರೆದಿಟ್ಟು ಹಾಡಿನ ಅಭ್ಯಾಸಕ್ಕೆ ಹೋಗಿದ್ದ. ಧೂಳು ಒರೆಸಲು ಹೋದ ಅನ್ನೆರೋಸೆ ನನ್ನನ್ನು ಕೂಗಿದ ಕೂಗಿಗೆ ನಾನು ಚಪ್ಪಲಿ ಹಾಕಿಕೊಳ್ಳದೆ ಇಳಿದು ಬಂದೆ.

ಹಳೆಯ ಅಂಗಡಿಯ ಮೇಲ್ ವಿಳಾಸಕ್ಕೆ ಬೇಸಿಗೆಯಿಂದಲೂ ಜನ ಬರೆಯುತ್ತಲೇ ಇದ್ದರು, ದಿಂಬು ಎಲ್ಲಿ ಸಿಗುತ್ತದೆ ಎಂದು. ಎಕಾರ್ಟ್ ಎಲ್ಲರಿಗೂ ಒಂದೇ ಉತ್ತರ ಕಳಿಸಿದ್ದ: ‘ಆರೋಗ್ಯದ ಕಾರಣದಿಂದ ನನ್ನ ಕೆಲಸವನ್ನು ನಿಲ್ಲಿಸಿದ್ದೇನೆ. ನಿಮ್ಮ ವಿಶ್ವಾಸಕ್ಕೆ ಋಣಿ.’ ಅದರ ಕೆಳಗೆ ರಾಶಿ ರಾಶಿ ಪ್ರೀತಿ. ‘ಬೇಗ ಗುಣವಾಗಿ, ಪ್ರಿಯ ಶ್ರೀ ಷೆಂಪ್.’ ‘ನಿಮ್ಮಂಥ ಕೈ ಇನ್ನೆಲ್ಲಿ?’ ಹ್ಯಾಂಬರ್ಗಿನ ನರ್ಸ್ ಮಾತ್ರೆಯ ಸಲಹೆಯನ್ನೂ ಕೊಟ್ಟಿದ್ದಳು. ಹೊಸ ಅಂಗಡಿಯ ಹೆಸರು ಒಂದು ಕಡೆಯೂ ಇಲ್ಲ.

ಅನ್ನೆರೋಸೆ ಕಿರುಚಲಿಲ್ಲ. ಮೊಳೆಯಿಂದ ಕೋಟು ತೆಗೆದು ಹಾಕಿಕೊಂಡು, ಅವನು ಬರುವ ತನಕ ಮೇಜಿನ ಮುಂದೆ ನಿಂತಿದ್ದಳು. ನಾನು ಹೊರಟೆ. “ಇಲ್ಲೇ ಇರು,” ಅಂದಳು.

ಎಕಾರ್ಟ್ ಗುನುಗುತ್ತಾ ಒಳಗೆ ಬಂದ. ಪರದೆಯನ್ನು ನೋಡಿದ. ಗುನುಗು ನಿಂತಿತು.

“ಕೂತ್ಕೊ,” ಅಂದಳು.

“ರೋಸೆ, ಅದು ಸುಮ್ನೆ ಮರ್ಯಾದೆಗೆ...”

“ನಿನಗೇನು ಕಾಯಿಲೆ?”

“ಏನೂ ಇಲ್ಲ.”

“ಹಾಗಾದ್ರೆ ಕೂತ್ಕೊ. ಒಬ್ಬೊಬ್ಬರಿಗೂ ಬರಿ. ನಾನು ಹೇಳಿಕೊಡಲ್ಲ, ನೀನೇ ಬರಿ. ಯಾರು ಹೊಲಿದ್ರು ಅಂತ, ಅವಳ ಅಂಗಡಿ ಎಲ್ಲಿದೆ ಅಂತ.”

“ಇಷ್ಟು ವರ್ಷ ಸುಳ್ಳು ಹೇಳ್ದ ಅಂತ ಜನ ನಗ್ತಾರೆ ಕಣೇ.”

“ನಗ್ಲಿ. ಬರಿಯಲ್ಲ ಅಂದ್ರೆ ಹೇಳು. ನಾನು ಕೋಟು ಹಾಕ್ಕೊಂಡಿದೀನಿ. ಡೋರ್ಲೆ ಮನೇಲಿ ಹೊಲಿಗೆ ಯಂತ್ರಕ್ಕೆ ಜಾಗ ಇದೆ.”

ಅವನು ನನ್ನ ಕಡೆ ನೋಡಿದ. ನನ್ನನ್ನು ಯಾರೂ ಕೇಳಿರಲಿಲ್ಲ, ಆದರೂ ನಾನು “ಇದೆ” ಅಂದೆ.

ಎಕಾರ್ಟ್ ಕುಳಿತ. ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತತೊಡಗಿದ. ಹ್ಯಾಂಬರ್ಗಿನ ನರ್ಸಿನಿಂದ ಶುರು. ನಾನು ಅವನ ಭುಜದ ಮೇಲಿಂದ ಓದಿದೆ: ‘ದಿಂಬನ್ನು ನಾನು ಹೊಲಿದಿಲ್ಲ. ನನ್ನ ಹೆಂಡತಿ ಹೊಲಿದಳು.’ ಅಲ್ಲಿ ನಿಂತ. ಅವನ ಕಿವಿಗಳು ಕೆಂಪಾಗಿದ್ದವು.

“ಇಷ್ಟು ಸಾಕಾ?”

“ಹೆಂಡತಿಗೆ ಹೆಸರಿಲ್ವಾ?”

ಅವನು ಹೆಸರು ಬರೆದ. ಅಂಗಡಿಯ ವಿಳಾಸ ಬರೆದ. ಕಳಿಸಿದ. ಕತ್ತು ತಿರುಗಿಸಿ, ಶಾಲೆಯಲ್ಲಿ ಶಿಕ್ಷೆ ಮುಗಿಸಿದವನ ಹಾಗೆ ಅವಳ ಕಡೆ ನೋಡಿದ.

“ಕೆಳಗೆ ಇನ್ನೂ ಇದಾರೆ,” ಅಂದಳು ಅನ್ನೆರೋಸೆ. ಕೋಟು ಬಿಚ್ಚಿ ಮೊಳೆಗೆ ಹಾಕಿ, ಒಳಗಿನ ಕೋಣೆಗೆ ಹೋಗಿ ಹೊಲಿಗೆ ಯಂತ್ರದ ದೀಪ ಹಾಕಿದಳು. ಅಲ್ಲಿಂದಲೇ ಕೂಗಿ ಹೇಳಿದಳು: “ನನಗೆ ಊಟ ಬೇಡ ಇವತ್ತು. ನಿನಗೆ ಹಸಿವಾದ್ರೆ ಆಲೂಗಡ್ಡೆ ಬುಟ್ಟೀಲಿದೆ. ಬುಟ್ಟಿ ಎಲ್ಲಿದೆ ಅಂತ ಹುಡುಕ್ಕೋ.”